ಇಂಡಿಯಂ ಬಗ್ಗೆ ಕೇಳಿ: ಪುಣೆ ಕನ್ನಡಿಗರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಪಿಂಪ್ರಿಯ ಲೋಹತಜ್ಞೆ ಮೇಡಂ ಇವತ್ತು ಇಂಡಿಯಂ ಬಗ್ಗೆ ಉತ್ತರಿಸುತ್ತಾರೆ. ಹೆಸರಿನ ಬದಲು ನಿಮ್ಮ ಏರಿಯಾ ಹಾಕಿ ಕೇಳಿ.

ಕೋಥ್ರೂಡ್: ಮಗಳ ಪ್ರಾಜೆಕ್ಟ್‌ಗೆ ಬೇಕಿತ್ತು. ಇದು ಎಂಥ ಲೋಹ ಮೇಡಂ?

ಮೇಡಂ: ಬೆಳ್ಳಿ ಬಣ್ಣದ ಮೆತ್ತನೆ ಲೋಹ. ಪರಮಾಣು ಸಂಖ್ಯೆ 49. ಉಗುರಲ್ಲಿ ಗೀರಿದರೂ ಗುರುತು ಬೀಳುತ್ತದೆ. ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿದರೆ ಕಿರ್ ಅನ್ನುತ್ತದೆ, ತವರದ ಹಾಗೇ. 156.6 ಡಿಗ್ರಿಗೇ ಕರಗುತ್ತದೆ, ಕುದಿಯಲು ಮಾತ್ರ 2,000 ಡಿಗ್ರಿ ದಾಟಬೇಕು. ಕರಗಿದ್ದು ಗಾಜಿಗೂ ಅಂಟಿಕೊಳ್ಳುತ್ತದೆ. ಹೆಚ್ಚಾಗಿ ಸಿಗುವುದು ಸತುವಿನ ಅದಿರಿನ ಜೊತೆ.

ಹಡಪ್ಸರ್: ಮೊಬೈಲ್ ಪರದೆಯಲ್ಲಿ ಇರೋದು ಇದೇ ಅಲ್ವಾ? ಒಡೆದರೆ ವಿಷನಾ?

ಮೇಡಂ: ಇಂಡಿಯಂ ಟಿನ್ ಆಕ್ಸೈಡ್ ಇರುತ್ತದೆ, ಅಂದರೆ ಇಂಡಿಯಂ, ತವರ, ಆಮ್ಲಜನಕ ಸೇರಿದ ವಸ್ತು. ಬೆಳಕು ದಾಟುತ್ತದೆ, ಕರೆಂಟೂ ಹರಿಯುತ್ತದೆ. ತೀರಾ ತೆಳು ಪದರ. ಗಾಜು ಚುಚ್ಚದಂತೆ ನೋಡಿಕೊಳ್ಳಿ, ಅಷ್ಟೇ.

ವಾಕಡ್: ಗ್ರಾಂಗೆ ಎಷ್ಟು? ಪುಣೆಯಲ್ಲಿ ಎಲ್ಲಿ ಸಿಗುತ್ತದೆ?

ಭೋಸರಿ: ನನ್ನ ತಮ್ಮ ಒಂದು ಶೆಡ್‌ನಲ್ಲಿ ಅದೇ ಆಕ್ಸೈಡಿನ ಹಳದಿ ಪುಡಿ ಜರಡಿ ಹಿಡಿಯುತ್ತಾನೆ. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಾನೆ. ಎರಡು ತಿಂಗಳಿಂದ ಒಣಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು.

ಮೇಡಂ: ಅಕ್ಕ, ಇದನ್ನು ಓದಿ ಗಾಬರಿಯಾಯಿತು. ಗಟ್ಟಿ ಲೋಹ ಮುಟ್ಟುವುದು ಬೇರೆ, ಈ ಪುಡಿಯನ್ನು ಉಸಿರಾಡುವುದೇ ಬೇರೆ. ಸಣ್ಣ ಕಣಗಳು ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಕೂತುಬಿಡುತ್ತವೆ. 2003ರಲ್ಲಿ ಜಪಾನಿನ ವೈದ್ಯರು ಇದೇ ಆಕ್ಸೈಡ್ ಉಜ್ಜುವ ಕೆಲಸದಲ್ಲಿದ್ದ 27 ವರ್ಷದ ಹುಡುಗನ ಸಾವನ್ನು ವರದಿ ಮಾಡಿದರು. ಆಮೇಲೆ ಬೇರೆ ಕಡೆಯೂ ಇಂಥ ಕಾಯಿಲೆ ಕಂಡಿತು. ನಾನು ಡಾಕ್ಟರ್ ಅಲ್ಲ. ಆದರೆ ನಾಳೆಯಿಂದ ಅವನು ಆ ಪುಡಿ ಹತ್ತಿರ ಹೋಗಬಾರದು. ಶ್ವಾಸಕೋಶದ ತಜ್ಞರಿಗೆ ತೋರಿಸಿ. ಬರೀ ಕೆಮ್ಮು ಅನ್ನಬೇಡಿ, ‘ಇಂಡಿಯಂ ಪುಡಿ’ ಅಂತ ಬಾಯಿಬಿಟ್ಟು ಹೇಳಿ. ಸಿಟಿ ಸ್ಕ್ಯಾನ್ ಬೇಕಾ, ರಕ್ತದಲ್ಲಿ ಇಂಡಿಯಂ ನೋಡಬೇಕಾ ಅಂತ ಕೇಳಿ. ಕರವಸ್ತ್ರ ಈ ಪುಡಿಯನ್ನು ತಡೆಯುವುದಿಲ್ಲ. ಕೆಲಸದ ಬಟ್ಟೆ ಮನೆಗೆ ತರಬೇಡಿ, ಮಕ್ಕಳಿದ್ದಾರೆ.

ಸಿಂಹಗಡ ರಸ್ತೆ: ದಿನಾ ನಾಲಿಗೆಗೆ ಒಂದು ಹನಿ ಇಂಡಿಯಂ ನೀರು, ವಯಸ್ಸು ಹಿಂದೆ ಹೋಗುತ್ತಂತೆ. ಫಾರ್ವರ್ಡ್ ಬಂದಿದೆ.

ಮೇಡಂ: ಕುಡಿಯಬೇಡಿ. ನಮ್ಮ ದೇಹಕ್ಕೆ ಇಂಡಿಯಂನಿಂದ ಆಗಬೇಕಾದ ಕೆಲಸವೇ ಇಲ್ಲ. ಮೇಲೆ ಒಬ್ಬ ಹುಡುಗ ಉಸಿರಿಗೆ ಕಷ್ಟಪಡುತ್ತಿದ್ದಾನೆ, ಅದರ ಕೆಳಗೇ ಇದನ್ನು ಹಾಕುತ್ತೀರಲ್ಲ! ಅಳಿಸಿ.

ಖಡಕಿ: ಮೊಬೈಲ್ ಒಡೆದರೆ ಅಪಾಯನಾ?

ಮೇಡಂ: ಇಲ್ಲ. ಮೇಲೆ ಓದಿ.

ಔಂಧ್: ಇಂಡಿಯಂ ಅಂದರೆ ಇಂಡಿಯಾ! ಹೆಮ್ಮೆ ಪಡಿ.

ಕೋಥ್ರೂಡ್: ಅಲ್ಲ. 1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಸಿಕ್ಕಿದ್ದು. ಅಲ್ಲಿನ ವಿಜ್ಞಾನಿ ರೀಶ್‌ಗೆ ಬಣ್ಣ ಗುರುತಿಸಲು ಆಗುತ್ತಿರಲಿಲ್ಲ, ಅದಕ್ಕೆ ಅವರ ಸಹಾಯಕ ರಿಕ್ಟರ್ ನೋಡಿದರು. ಅದಿರನ್ನು ಕಾಯಿಸಿದಾಗ ಬಂದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಂಡ ಇಂಡಿಗೋ (ಕಡುನೀಲಿ) ಬಣ್ಣದ ಗೆರೆಯಿಂದ ಆ ಹೆಸರು.

ಔಂಧ್: ಇಂಡಿಗೋ ಪದ ಎಲ್ಲಿಂದ ಬಂತು? ಲ್ಯಾಟಿನ್‌ನಲ್ಲಿ ಇಂಡಿಕಮ್, ಇಂಡಿಯಾದ್ದು ಅಂತ. ಆ ನೀಲಿ ಇಲ್ಲಿಂದಲೇ ಹೋಗುತ್ತಿತ್ತು.

ಕೋಥ್ರೂಡ್: ಅದು ಬಣ್ಣದ ಕಥೆ. ಲೋಹಕ್ಕೆ ಹೆಸರಿಟ್ಟಿದ್ದು ಗೆರೆ ನೋಡಿ. ಸುಮ್ನೆ ಎಳೆಯಬೇಡಿ.

ಔಂಧ್: ಎಳೀತಿರೋದು ನೀವು. ಒಪ್ಪಿಕೊಂಡರೆ ಏನು ಹೋಗುತ್ತೆ?

ಮೇಡಂ: ಇಬ್ಬರೂ ಹೇಳಿದ್ದು ಸರಿ. ನಿಲ್ಲಿಸಿ. ಭೋಸರಿ ಅಕ್ಕ, ಇದ್ದೀರಾ?

ಭೋಸರಿ: ರಜೆ ಕೇಳಿದರೆ ಕೆಲಸ ಹೋಗುತ್ತೆ ಅಂತಾನೆ ಮೇಡಂ.

ಮೇಡಂ: ಅವನ ನಂಬರ್ ನನಗೆ ಕಳಿಸಿ. ಪುಡಿ ಚೀಲದ ಲೇಬಲ್ ಫೋಟೋ ಕೂಡ. ಈಗಲೇ ಮಾತಾಡುತ್ತೇನೆ.