ಸಹಾಯ ಬೇಕು: ಬಳಸದೆ ಇಟ್ಟಾಗಲೂ ಫೋನಿನ ಬ್ಯಾಟರಿ ಇಳಿಯುತ್ತಿದೆ
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ ನನ್ನ ಆಂಡ್ರಾಯ್ಡ್ ಫೋನಿನ ಬ್ಯಾಟರಿ, ಹೆಚ್ಚು ಬಳಸದಿದ್ದರೂ, ಸಂಜೆಯ ಹೊತ್ತಿಗೆ ಶೇ. 15ಕ್ಕೆ ಬಂದು ನಿಂತಿರುತ್ತದೆ. ಪರದೆಯ ಬೆಳಕನ್ನು ತಗ್ಗಿಸಿದ್ದೇನೆ. ಓಎಲ್ಇಡಿ ಪರದೆಯಲ್ಲಿ ಅಚ್ಚಗಪ್ಪು ಭಾಗದ ಪಿಕ್ಸೆಲ್‌ಗಳು ಬೆಳಗುವುದೇ ಇಲ್ಲವಾದ್ದರಿಂದ ಡಾರ್ಕ್ ಮೋಡ್ ಕೂಡ ಹಾಕಿಕೊಂಡಿದ್ದೇನೆ. ತುಸು ಅನುಕೂಲವಾಗಿದೆ, ಅಷ್ಟೆ.

ನನ್ನ ಗುಮಾನಿ ಇರುವುದು ಸಿಗ್ನಲ್ ಮೇಲೆ. ಸೆಟ್ಟಿಂಗ್ಸ್‌ನ ಬ್ಯಾಟರಿ ಬಳಕೆಯ ಪಟ್ಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಎಂಬುದೇ ಎಲ್ಲಕ್ಕಿಂತ ಮೇಲಿದೆ. ನಾನು ಕೆಲಸ ಮಾಡುವ ಕೋಣೆಯಲ್ಲಿ ಸಿಗ್ನಲ್ ಒಂದೇ ಗೆರೆಯಷ್ಟು ಇರುವುದರಿಂದ, ಟವರನ್ನು ತಲುಪಲು ಫೋನು ಹೆಚ್ಚು ಶಕ್ತಿ ವ್ಯಯಿಸುತ್ತ, 5ಜಿ ಮತ್ತು 4ಜಿಗಳ ನಡುವೆ ಪದೇ ಪದೇ ಹೊಯ್ದಾಡುತ್ತಿರಬೇಕು. ನೆಟ್‌ವರ್ಕನ್ನು 4ಜಿಗೆ ಸೀಮಿತಗೊಳಿಸಿ, ಕರೆಗಳನ್ನು ವೈಫೈ ಮೂಲಕ ಪಡೆಯುವಂತೆ ಮಾಡಿಕೊಂಡವರಿಗೆ ಏನಾದರೂ ವ್ಯತ್ಯಾಸ ಕಂಡಿದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಆ್ಯಪ್‌ಗಳನ್ನೆಲ್ಲ ಆಗಾಗ ಮುಚ್ಚುತ್ತಿರಿ ಎಂಬ ಸಲಹೆ ಮಾತ್ರ ಬೇಡ: ಮತ್ತೆ ತೆರೆದಾಗ ಅವು ಮೊದಲಿನಿಂದ ಲೋಡ್ ಆಗಬೇಕಾದ್ದರಿಂದ ಉಳಿತಾಯಕ್ಕಿಂತ ಖರ್ಚೇ ಹೆಚ್ಚು. ಲಿಥಿಯಂ ಅಯಾನ್ ಬ್ಯಾಟರಿಯ ಬಾಳಿಕೆಗೆ ಒಳ್ಳೆಯದೆಂದು ಚಾರ್ಜನ್ನು ಶೇ. 80ಕ್ಕೇ ನಿಲ್ಲಿಸುವವರು ಇಡೀ ದಿನ ಹೇಗೆ ನಿಭಾಯಿಸುತ್ತೀರಿ ಎಂಬುದನ್ನೂ ತಿಳಿಯಬಯಸುತ್ತೇನೆ.