ನೋಡಬಾರದು ಎನ್ನುತ್ತಲೇ ನೋಡುವ ಕಣ್ಣು: ಮನೋವೈದ್ಯೆಗೆ ಕೆಲವು ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಮಸ್ಕಾರ. ನನಗೀಗ 38 ವರ್ಷ. ಹೈಸ್ಕೂಲಿನಲ್ಲಿದ್ದಾಗ ಗೆಳೆಯನೊಬ್ಬ ರಾಟನ್ ಡಾಟ್ ಕಾಮ್ ಎಂಬ ಜಾಲತಾಣವನ್ನು ತೋರಿಸಿದ್ದ. ಅಲ್ಲಿ ಕಂಡ ಶವದ ಚಿತ್ರವೊಂದು ಇಂದಿಗೂ ಆಗಾಗ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಆಮೇಲೆ ಕೆಲವು ವರ್ಷ ಅಂಥವನ್ನು ನಾನೇ ಹುಡುಕಿ ನೋಡಿದೆ. ಈಗ ಬಿಟ್ಟಿದ್ದೇನೆ, ಆದರೂ ಅಪಘಾತವೋ ದಾಳಿಯೋ ಸುದ್ದಿಯಾದರೆ ಕೈ ತಾನಾಗಿ ಅದರ ವಿಡಿಯೊ ಹುಡುಕುತ್ತದೆ. ನೋಡುವಾಗ ಹೇಸಿಗೆ, ನೋಡಿದ ಮೇಲೆ ನಾಚಿಕೆ. ಹೆಂಡತಿಗೂ ಹೇಳಿಲ್ಲ. ನನ್ನ ಮನಸ್ಸಿನಲ್ಲಿ ಏನಾದರೂ ಕೆಟ್ಟುಹೋಗಿದೆಯೇ?

ಉತ್ತರ: ಇಲ್ಲ. ಮೊದಲು ಆ ಭಯವನ್ನು ಕೆಳಗಿಡಿ. ಹೇಸಿಗೆ ಪಡುತ್ತಲೇ ನೋಡುವ ನಿಮ್ಮ ಅವಸ್ಥೆಯನ್ನು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ಸುಮಾರು 2,400 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಲಿಯಾಂಟಿಯಸ್ ಎಂಬವನು ಊರಗೋಡೆಯ ಹೊರಗೆ ನಡೆದುಬರುವಾಗ ವಧಕಾರನ ಬಳಿ ಬಿದ್ದಿದ್ದ ಹೆಣಗಳನ್ನು ಕಾಣುತ್ತಾನೆ. ನೋಡುವ ಆಸೆ, ಜೊತೆಗೇ ಜುಗುಪ್ಸೆ. ಮುಖ ಮುಚ್ಚಿಕೊಂಡು ಹೆಣಗಾಡಿ, ಕೊನೆಗೆ ಸೋತು ಓಡಿಹೋಗಿ ತನ್ನ ಕಣ್ಣುಗಳನ್ನೇ ಬೈಯುತ್ತಾನೆ: ನೋಡಿ, ಪಾಪಿಗಳೇ, ತೃಪ್ತಿಯಾಗುವಷ್ಟು ನೋಡಿ ಎಂದು. 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಗುರುತು ಸಿಗದ ಶವಗಳನ್ನು ಗಾಜಿನ ಹಿಂದೆ ಇಡುತ್ತಿದ್ದರು. ಗುರುತು ಹಿಡಿಯಲೆಂದು ಮಾಡಿದ ಆ ಶವಾಗಾರ ಬರುಬರುತ್ತಾ ಮಕ್ಕಳು ಮರಿಗಳೊಂದಿಗೆ ಹೋಗಿ ನೋಡುವ ಸ್ಥಳವಾಯಿತು. 1907ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು.

ಇದರ ಬೇರು ಕ್ರೌರ್ಯದಲ್ಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅಪಾಯ ಹೇಗಿರುತ್ತದೆ ಎಂದು ದೂರದಿಂದ ತಿಳಿದುಕೊಳ್ಳುವ ಆಸೆ ಅದು. ಇನ್ನೊಂದು ಕಾರಣ, ಗೊತ್ತಿಲ್ಲದ್ದನ್ನು ಸಹಿಸಲಾರದ ನಮ್ಮ ಸ್ವಭಾವ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರ ಮುಂದೆ ಪೆನ್ನುಗಳನ್ನಿಟ್ಟಿದ್ದರು. ಕೆಲವನ್ನು ಒತ್ತಿದರೆ ಸಣ್ಣ ವಿದ್ಯುತ್ ಆಘಾತ ಖಚಿತ, ಕೆಲವಕ್ಕೆ ಏನೂ ಆಗದು, ಇನ್ನು ಕೆಲವು ಏನು ಮಾಡುತ್ತವೆಂದು ಹೇಳಲಾಗದು. ಜನ ಹೆಚ್ಚು ಒತ್ತಿದ್ದು ಈ ಕೊನೆಯವನ್ನು. ಯಾವ ಲಾಭವೂ ಇರಲಿಲ್ಲ, ನೋವಾಗಬಹುದೆಂದು ಗೊತ್ತಿತ್ತು, ಆದರೂ ಒತ್ತಿದರು. ‘ಎಚ್ಚರಿಕೆ, ಮನಕಲಕುವ ದೃಶ್ಯ’ ಎಂಬ ಫಲಕ ಮಾಡುವ ಕೆಲಸವೂ ಅದೇ. ಎಚ್ಚರಿಸಲು ಹಾಕಿದ್ದೇ ಕರೆಯುತ್ತದೆ.

ರಾಟನ್ ಹುಟ್ಟಿದ್ದು 1996ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಅಂತರ್ಜಾಲದ ಅಸಭ್ಯತೆಗೆ ಕಡಿವಾಣ ಹಾಕುವ ಕಾನೂನು ಬಂದಿತ್ತು; 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಅಂತರ್ಜಾಲಕ್ಕೆ ಸೆನ್ಸಾರ್ ಅಸಾಧ್ಯ, ಅನ್ಯಾಯ ಎಂದು ತೋರಿಸುವುದೇ ತನ್ನ ಉದ್ದೇಶ ಎಂದು ಆ ತಾಣ ಹೇಳಿಕೊಳ್ಳುತ್ತಿತ್ತು. ರಾಜಕುಮಾರಿ ಡಯಾನಾ ಸತ್ತಾಗ ಅಪಘಾತ ಸ್ಥಳದ್ದೆಂದು ನಕಲಿ ಚಿತ್ರವನ್ನು ಹಾಕಿ ಜಗತ್ತಿನಾದ್ಯಂತ ಸುದ್ದಿಯಾದದ್ದೂ ಅದೇ. ಸ್ವಾತಂತ್ರ್ಯದ ಬಾವುಟದ ಕೆಳಗೆ ಒಂದು ಸುಳ್ಳು. ಅದನ್ನು ನಾನು ಮರೆಯಲಾರೆ. ಅದರ ಹಿಂದೆಯೇ ಓಗ್ರಿಶ್ ಎಂಬ ಅಂಥದೇ ತಾಣ ಬಂತು. 2006ರಲ್ಲಿ ಅದು ಲೈವ್‌ಲೀಕ್‌ ಆಯಿತು. 2021ರಲ್ಲಿ ಅದೂ ಮುಚ್ಚಿತು.

ನಿಮ್ಮ ಬಾಲ್ಯದ ಆ ತಾಣಗಳಿಗೆ ವಿಳಾಸ ಟೈಪ್ ಮಾಡಿ ಹೋಗಬೇಕಿತ್ತು. ಹೋಗಲು ಮನಸ್ಸು ಮಾಡಬೇಕಿತ್ತು, ಮನಸ್ಸು ಬದಲಿಸಲು ಅರೆಗಳಿಗೆ ಸಿಗುತ್ತಿತ್ತು. ಈಗ ಆ ಅರೆಗಳಿಗೆಯೇ ಉಳಿದಿಲ್ಲ. ಬೆರಳಾಡಿಸುತ್ತಿದ್ದಂತೆ ಅಡುಗೆಯ ವಿಡಿಯೊದ ಮರುಕ್ಷಣ ಒಬ್ಬರ ಸಾವು ತಾನಾಗಿ ಓಡತೊಡಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಆದರೆ ಡಾಕ್ಟರೇ, ಯುದ್ಧದ, ಪೊಲೀಸ್ ದೌರ್ಜನ್ಯದ ಸತ್ಯ ಹೊರಬಂದದ್ದು ಇಂಥ ದೃಶ್ಯಗಳಿಂದಲೇ ಅಲ್ಲವೇ? ಎಲ್ಲವನ್ನೂ ಅಳಿಸಿಹಾಕಿದರೆ ಸುಳ್ಳು ಹೇಳುವವರಿಗೇ ಅನುಕೂಲ. ಹೆದರಿಕೆಯ ಸಿನಿಮಾ ನೋಡಬಹುದು, ನಿಜ ನೋಡಬಾರದು ಎಂದರೆ ಹೇಗೆ?

ಉತ್ತರ: ಮೊದಲ ಮಾತನ್ನು ಒಪ್ಪುತ್ತೇನೆ. ಸಾಕ್ಷ್ಯ ಉಳಿಯಬೇಕು. ಆದರೆ ಸಾಕ್ಷ್ಯ ನ್ಯಾಯಾಲಯಕ್ಕೆ, ಪತ್ರಕರ್ತರಿಗೆ, ಇತಿಹಾಸಕ್ಕೆ ಬೇಕಾದದ್ದು. ಅದರ ಕೆಳಗೆ ನಗುವ ಪ್ರತಿಕ್ರಿಯೆಗಳಿಗೆ ಜಾಗ ಮಾಡಿಕೊಟ್ಟರೆ ಅದು ಸಾಕ್ಷ್ಯವಾಗಿ ಉಳಿಯುವುದಿಲ್ಲ.

ಎರಡನೆಯದನ್ನು ಒಪ್ಪಲಾರೆ. ನಾಟ್ಯಶಾಸ್ತ್ರ ಬರೆದ ಭರತನು ಬೀಭತ್ಸವನ್ನೂ ಎಂಟು ರಸಗಳಲ್ಲಿ ಒಂದೆಂದು ಎಣಿಸಿದ. ಆದರೆ ಅದು ರಂಗದ ಮಾತು. ಪರದೆ ಬಿದ್ದ ಮೇಲೆ ಸತ್ತವನು ಎದ್ದು ಬಣ್ಣ ಒರೆಸಿಕೊಳ್ಳುತ್ತಾನೆ ಎಂಬ ಭರವಸೆಯ ಮೇಲೆಯೇ ರಸ ನಿಂತಿದೆ. ನಿಜವಾದ ವಿಡಿಯೊದಲ್ಲಿ ಯಾರೂ ಏಳುವುದಿಲ್ಲ, ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತವೊಂದರಲ್ಲಿ ಯುವತಿಯೊಬ್ಬಳು ತೀರಿಕೊಂಡಳು. ತನಿಖೆಗೆಂದು ತೆಗೆದ ಚಿತ್ರಗಳು ಹೆದ್ದಾರಿ ಗಸ್ತಿನ ಸಿಬ್ಬಂದಿಯಿಂದಲೇ ಹೊರಬಿದ್ದವು. ಅಪರಿಚಿತರು ಅವನ್ನು ಆಕೆಯ ತಂದೆಗೇ ಇ-ಮೇಲ್‌ ಮಾಡಿದರು. ಸತ್ತವರ ಚಿತ್ರದ ವಿಷಯದಲ್ಲಿ ಕುಟುಂಬಕ್ಕೂ ಖಾಸಗಿತನದ ಹಕ್ಕಿದೆ ಎಂದು 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ತಂದೆಯ ಬಗ್ಗೆ ಓದಿದ ದಿನ ನನಗೆ ಕೆಲಸ ಮಾಡಲಾಗಲಿಲ್ಲ.

ಕೆಲವೊಮ್ಮೆ ನೋಡುಗರನ್ನು ಲೆಕ್ಕಹಾಕಿಯೇ ಕೊಲ್ಲುತ್ತಾರೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಅದನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ನೇರವಾಗಿ ನೋಡಿದವರು 200ಕ್ಕಿಂತ ಕಡಿಮೆ. ಆದರೆ ಮೊದಲ 24 ಗಂಟೆಗಳಲ್ಲಿ ತಾನು ತಡೆದ, ಅಳಿಸಿದ ಪ್ರತಿಗಳು ಸುಮಾರು 15 ಲಕ್ಷ ಎಂದು ಫೇಸ್‌ಬುಕ್ ಹೇಳಿತು. ಅಷ್ಟೂ ಪ್ರತಿಗಳನ್ನು ಹಂಚಹೊರಟವರು ಬೇರೆ ಜನ. ಸಾವಿನ ವಿಡಿಯೊಗಳಿಗೆಂದೇ ಇದ್ದ, ಚರ್ಚೆಯ ಜಾಲತಾಣ ರೆಡಿಟ್‌ನ ಗುಂಪೊಂದನ್ನು ಮುಚ್ಚಿದ್ದು ಅದೇ ದಿನ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಆ ಹಳೆಯ ಚಿತ್ರ ಬಂದಾಗ ಏನು ಮಾಡಲಿ? ಹುಡುಕುವ ಕೈಯನ್ನು ಹೇಗೆ ತಡೆಯಲಿ?

ಉತ್ತರ: ಚಿತ್ರವನ್ನು ತಳ್ಳಬೇಡಿ. ತಳ್ಳಿದಷ್ಟೂ ಅದು ಮರಳಿ ಬರುತ್ತದೆ. ‘ಇದು ಹಳೆಯ ನೆನಪು, ನಾನೀಗ ಇಲ್ಲಿದ್ದೇನೆ’ ಎಂದುಕೊಂಡು ಕೈಗೂ ಕಣ್ಣಿಗೂ ಕೆಲಸ ಕೊಡಿ. 2009ರ ಒಂದು ಅಧ್ಯಯನದಲ್ಲಿ, ಘೋರ ದೃಶ್ಯಗಳನ್ನು ನೋಡಿದ ಅರ್ಧ ಗಂಟೆಯ ನಂತರ ಟೆಟ್ರಿಸ್ ಎಂಬ ವಿಡಿಯೊ ಆಟ ಆಡಿದವರಿಗೆ ಮುಂದಿನ ವಾರದಲ್ಲಿ ಆ ದೃಶ್ಯಗಳು ಮರುಕಳಿಸಿದ್ದು ಕಡಿಮೆ. ಬಿದ್ದು ಹೊಂದಿಕೊಳ್ಳುವ ಆಕಾರಗಳು ಮನಸ್ಸಿನ ಚಿತ್ರಪಟದಲ್ಲಿ ಜಾಗ ಹಿಡಿಯುತ್ತವೆ. ಇಪ್ಪತ್ತು ವರ್ಷ ಹಳೆಯ ಚಿತ್ರಕ್ಕೆ ಇಷ್ಟೇ ಸಾಲದು. ನಿದ್ದೆ ಕೆಡುತ್ತಿದ್ದರೆ ಚಿಕಿತ್ಸಕರೊಬ್ಬರನ್ನು ಮುಖತಃ ಕಾಣಿರಿ, ಇದಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ.

ಇನ್ನು ಕೈಯ ವಿಷಯ. ನಿಮಗೆ ನಿಜವಾಗಿ ತಿಳಿಯಬೇಕಾದದ್ದು ಏನಾಯಿತು, ಏಕಾಯಿತು ಎಂಬುದು. ಅದನ್ನು ಬರಹದಲ್ಲಿ ಓದಿ. ಓದಿದ ಹತ್ತು ನಿಮಿಷದ ನಂತರವೂ ವಿಡಿಯೊ ಬೇಕೆನಿಸಿದರೆ ಆಗ ಯೋಚಿಸಿ. ಬಹಳಷ್ಟು ಸಲ ಬೇಕೆನಿಸುವುದಿಲ್ಲ. ಹೆಂಡತಿಗೆ ಹೇಳಿ. ಚಿತ್ರವನ್ನು ವರ್ಣಿಸಬೇಡಿ, ಅದು ನಿಮ್ಮನ್ನು ಕಾಡುತ್ತಿದೆ ಎಂದಷ್ಟೇ ಹೇಳಿ. ಬಚ್ಚಿಟ್ಟದ್ದರಿಂದಲೇ ಅರ್ಧ ನಾಚಿಕೆ ಬೆಳೆದಿದೆ.

ತಾಯಿಯೊಬ್ಬರ ಪ್ರಶ್ನೆ: ಮೇಡಂ, ನನ್ನ ಹನ್ನೆರಡು ವರ್ಷದ ಮಗನಿಗೆ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೊಲೆಯ ವಿಡಿಯೊ ಬಂದಿತ್ತು. ಸಿಟ್ಟಿನಲ್ಲಿ ಮೊಬೈಲ್ ಕಿತ್ತುಕೊಂಡೆ. ಅಂದಿನಿಂದ ಅವನು ನನ್ನೊಂದಿಗೆ ಮಾತನಾಡುತ್ತಿಲ್ಲ.

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಅಮ್ಮಾ. ಆದರೆ ಅವನು ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ, ಅದೇ ಅವನಿದ್ದಲ್ಲಿಗೆ ಬಂತು. ಮೊಬೈಲ್ ಕಿತ್ತುಕೊಂಡರೆ ಅವನಿಗೆ ತಿಳಿಯುವುದು ಒಂದೇ: ಮುಂದಿನ ಸಲ ಅಮ್ಮನಿಗೆ ಹೇಳಬಾರದು. ಇಂದು ರಾತ್ರಿ ಪಕ್ಕದಲ್ಲಿ ಕುಳಿತು, ‘ಅವತ್ತು ಬೈದದ್ದು ತಪ್ಪಾಯಿತು. ಅದನ್ನು ನೋಡಿ ನಿನಗೆ ಏನನ್ನಿಸಿತು?’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಅವನು ಹೇಳದಿದ್ದರೆ ನಾಳೆ ಮತ್ತೆ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗದಂತೆ ಇಬ್ಬರೂ ಸೇರಿ ಬದಲಿಸಿ. ತರಗತಿಯ ಶಿಕ್ಷಕರಿಗೆ ತಿಳಿಸಿ, ಅದೇ ಗುಂಪಿನಲ್ಲಿ ಬೇರೆ ಮಕ್ಕಳೂ ಇದ್ದಾರಲ್ಲ. ಒಂಟಿಯಾಗಿ ಮಲಗಲು ಹೆದರುವುದು, ಊಟ ಬಿಡುವುದು ಎರಡು ವಾರದ ಮೇಲೂ ಮುಂದುವರಿದರೆ ತಡಮಾಡದೆ ಮಕ್ಕಳ ಮನೋವೈದ್ಯರಿಗೆ ತೋರಿಸಿ.