30×40 ಸೈಟ್ ಇದೆ: ಈಗ್ಲೇ ಮನೆ ಕಟ್ಟೋದಾ, ಕಾಯೋದಾ?

ಪ್ರದೀಪ, ತುಮಕೂರು: ಸೈಟ್ ಸಾಲ ತೀರಿದೆ. 12 ಚದರದ (ಒಂದು ಚದರ ಅಂದ್ರೆ 100 ಚದರ ಅಡಿ) ಮನೆಗೆ ಮೇಸ್ತ್ರಿ ಮೆಟೀರಿಯಲ್ ಸಮೇತ ಚದರಕ್ಕೆ 2.2 ಲಕ್ಷ ಅಂತಿದ್ದಾರೆ. ಹೋದ ವರ್ಷ ಅವರೇ 1.9 ಅಂದಿದ್ರು. ಈಗ 11 ಸಾವಿರ ಬಾಡಿಗೆ ಕಟ್ತಿದ್ದೀನಿ. 20 ಲಕ್ಷ ಸಾಲ ಬೇಕು. ಏನ್ಮಾಡ್ಲಿ?

ವೀಣಾ: ಕಾದಷ್ಟೂ ರೇಟು ಏರುತ್ತೆ. 2025ರಲ್ಲಿ ಆರ್‌ಬಿಐ ರೆಪೋ ದರ (ಬ್ಯಾಂಕುಗಳಿಗೆ ಅದು ಕೊಡೋ ಸಾಲದ ಬಡ್ಡಿ) 6.5%ನಿಂದ 5.25%ಗೆ ಇಳೀತು, ಅದರಿಂದ ಮನೆ ಸಾಲದ ಬಡ್ಡಿಯೂ ಇಳಿಯುತ್ತೆ. ಸೆಪ್ಟೆಂಬರ್ 22ರಿಂದ ಸಿಮೆಂಟ್ ಜಿಎಸ್‌ಟಿ 28ರಿಂದ 18ಕ್ಕೆ ಬಂತು. ಇದಕ್ಕಿಂತ ಒಳ್ಳೆ ಸಮಯ ಯಾವಾಗ ಸಿಗುತ್ತೆ? ಬೇಗ ಪಾಯ ಹಾಕ್ಸಿ.

ಲೆಕ್ಕದ ಮೇಷ್ಟ್ರು: ಸಿಮೆಂಟ್ ಇಳೀತು ಅಂತ ಪಾಯ ಹಾಕ್ಸೋದಾ? 400 ರೂಪಾಯಿ ಚೀಲ ತೆರಿಗೆ ಲೆಕ್ಕದಲ್ಲಿ 369 ಆಗ್ಬೇಕು. 12 ಚದರಕ್ಕೆ ಅಂದಾಜು 480 ಚೀಲ, ಉಳಿಯೋದು 15 ಸಾವಿರ. ಮೇಸ್ತ್ರಿ ಏರಿಸಿರೋದು 3.6 ಲಕ್ಷ! 20 ಲಕ್ಷಕ್ಕೆ 8%ನಲ್ಲಿ 20 ವರ್ಷ ಅಂದ್ರೆ ತಿಂಗಳಿಗೆ 16,700, ಒಟ್ಟು 40 ಲಕ್ಷ ಕಟ್ಬೇಕು. ಇನ್ನೆರಡು ವರ್ಷ ದುಡ್ಡು ಕೂಡಿಡಿ, ಸಾಲ ಅರ್ಧ ಆಗುತ್ತೆ.

ಬಸವರಾಜ, ದಾವಣಗೆರೆ: 40 ಲಕ್ಷ ಅಂತ ಹೆದರಿಸ್ಬೇಡಿ ಮೇಷ್ಟ್ರೇ. ಬಾಡಿಗೆ ವರ್ಷವರ್ಷ ಏರುತ್ತೆ, ಕಂತು ಏರಲ್ಲ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸೋ ಮರಳು), ಸಾಲಿಡ್ ಬ್ಲಾಕ್ (ಸಿಮೆಂಟ್ ಇಟ್ಟಿಗೆ) ಹಾಕಿ ಕಟ್ಟಿದ್ರೆ ಚದರಕ್ಕೆ 2 ಲಕ್ಷದೊಳಗೆ ಆಗುತ್ತೆ.

ಲೆಕ್ಕದ ಮೇಷ್ಟ್ರು: ಕಂತು ಏರಲ್ಲ ಅಂದವರು ಯಾರು? ಮೇ 2022ರಿಂದ ಫೆಬ್ರುವರಿ 2023ರೊಳಗೆ ರೆಪೋ 4ರಿಂದ 6.5ಕ್ಕೆ ಏರಿತು. ಫ್ಲೋಟಿಂಗ್ ಸಾಲ (ಬಡ್ಡಿ ಬದಲಾಗ್ತಾ ಇರೋದು) ಇದ್ದವರಿಗೆ ಅದರ ಬಿಸಿ ತಟ್ಟಿದೆ.

ಗೌಡ್ರು, ಹಾಸನ: ಅದಿರ್ಲಿ, ಎಂ-ಸ್ಯಾಂಡ್ ಅಂತ ಯಾಕ್ರೀ ಹೇಳಿಕೊಡ್ತೀರಾ? ನಮ್ಮನೆ ಹಾಲ್ ಗೋಡೆ ಪ್ಲಾಸ್ಟರಿಂಗ್ ಆದ ತಿಂಗಳೊಳಗೆ ಜೇಡನ ಬಲೆ ಥರ ಬಿರುಕು ಬಿಡ್ತು. ಹೊಳೆ ಮರಳಿಗೆ ಸಾಟಿ ಇಲ್ಲ.

ಮಂಜುನಾಥ್ ಸಿವಿಲ್: ಗೌಡ್ರೇ, ಅದು ಎಂ-ಸ್ಯಾಂಡ್ ಅಲ್ಲ, ಕ್ರಷರ್ ಪುಡಿ (ಜಲ್ಲಿ ಒಡೆಯುವಾಗ ಉಳಿಯೋ ಧೂಳು) ಇರ್ಬೇಕು. ಐಎಸ್ 383 ಅನ್ನೋ ಭಾರತೀಯ ಮಾನದಂಡದ (ಕಾಂಕ್ರೀಟ್‌ಗೆ ಹಾಕೋ ಮರಳು, ಜಲ್ಲಿಗೆ) 2016ರ ಆವೃತ್ತಿಯೇ ಎಂ-ಸ್ಯಾಂಡ್ ಒಪ್ಪಿದೆ. ಪ್ಲಾಸ್ಟರಿಂಗ್‌ಗೆ ಪಿ-ಸ್ಯಾಂಡ್ ಅಂತ ಇನ್ನೂ ನುಣ್ಣಗಿರೋದು ಬೇರೆನೇ ಬರುತ್ತೆ. ಗಾಜಿನ ಬಾಟಲಿಯಲ್ಲಿ ಅರ್ಧ ಮರಳು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ಗಂಟೆ ಬಿಡಿ. ಮೇಲೆ ದಪ್ಪನೆ ಕೆಸರು ಪದರ ನಿಂತ್ರೆ ಲಾರಿ ವಾಪಸ್ ಕಳ್ಸಿ.

ಗೌಡ್ರು, ಹಾಸನ: "ಇರ್ಬೇಕು" ಅಂದ್ರೆ ನೀವು ನನ್ನ ಗೋಡೆ ನೋಡಿದ್ದೀರಾ? ಬಿಲ್‌ನಲ್ಲಿ ಎಂ-ಸ್ಯಾಂಡ್ ಅಂತಲೇ ಇದೆ.

ಮಂಜುನಾಥ್ ಸಿವಿಲ್: ಬಿಲ್‌ನಲ್ಲಿ ಏನು ಬೇಕಾದ್ರೂ ಬರೀತಾರೆ. ಏಳು ದಿನ ಕ್ಯೂರಿಂಗ್ (ಗೋಡೆಗೆ ನೀರುಣಿಸೋದು) ಮಾಡ್ಸಿದ್ರಾ, ಅದನ್ನ ಹೇಳಿ.

ಗೌಡ್ರು, ಹಾಸನ: ಬೆಳಿಗ್ಗೆ ಸಂಜೆ ನಾನೇ ಪೈಪ್ ಹಿಡಿದು ನೀರು ಹೊಡೆದಿದ್ದೀನಿ! ನಮ್ಮಪ್ಪ ಹೊಳೆ ಮರಳಲ್ಲಿ ಕಟ್ಟಿದ ಮನೆ ಇವತ್ತಿಗೂ ಗಟ್ಟಿಯಾಗಿದೆ. ಓದಿದವರು ಕ್ರಷರ್ ಮಾಲೀಕರ ಪರ ಮಾತಾಡ್ಬೇಡಿ.

ವೀಣಾ: ಅಪ್ಪನ ಕಾಲದಲ್ಲಿ ಹೊಳೆ ಮರಳು ಸಲೀಸಾಗಿ ಸಿಗ್ತಿತ್ತು. ಈಗ ಪರ್ಮಿಟ್ ಇಲ್ಲದ ಲಾರಿ ತರಿಸಿ ಪ್ರದೀಪ್ ಕೇಸ್ ಹಾಕಿಸ್ಕೊಬೇಕಾ?

ಗೌಡ್ರು, ಹಾಸನ: ಕೇಸ್ ಹಾಕಿಸ್ಕೊಳ್ಳಿ ಅಂತ ನಾನು ಎಲ್ಲಿ ಹೇಳಿದೆ ಮೇಡಂ? ಪರ್ಮಿಟ್ ಇರೋ ಮರಳೂ ಸಿಗುತ್ತೆ.

ಬಸವರಾಜ, ದಾವಣಗೆರೆ: ಯಾವ ರೇಟಿಗೆ ಅಂತನೂ ಹೇಳ್ರಲ್ಲ.

ಪ್ರದೀಪ, ತುಮಕೂರು: ಅಣ್ಣಂದಿರಾ, ಮರಳು ಬಿಡಿ. ಈಗ 8 ಚದರ ಮಾತ್ರ ಕಟ್ಟಿ, ಪಿಲ್ಲರ್ ಕಂಬಿ ಮೇಲಕ್ಕೆ ಬಿಟ್ಟು, ಆಮೇಲೆ ಮಹಡಿ ಎತ್ತಿದ್ರೆ ಹೇಗೆ?

ಮಂಜುನಾಥ್ ಸಿವಿಲ್: ಆಗುತ್ತೆ. ಆದ್ರೆ ಪಾಯವನ್ನ ಈಗ್ಲೇ ಮಹಡಿ ಲೆಕ್ಕಕ್ಕೆ ಡಿಸೈನ್ ಮಾಡ್ಸಿ. ಬಿಟ್ಟ ಕಂಬಿಗೆ ಸಿಮೆಂಟ್ ಹಾಲು (ನೀರಲ್ಲಿ ಕಲಸಿದ ತೆಳು ಸಿಮೆಂಟ್) ಬಳಿಸಿ, ಇಲ್ದಿದ್ರೆ ತುಕ್ಕು ಹಿಡಿಯುತ್ತೆ.

ಲೆಕ್ಕದ ಮೇಷ್ಟ್ರು: 8 ಚದರ ಅಂದ್ರೆ ಸಾಲ ಕಡಿಮೆ. ನಾನು ಮೊದಲಿಂದ ಹೇಳ್ತಿರೋದೂ ಅದೇ.

ವೀಣಾ: ನೀವು ಹೇಳಿದ್ದು ಎರಡು ವರ್ಷ ಕಾಯಿ ಅಂತ, ಮೇಷ್ಟ್ರೇ. ಮೇಲೆ ಹೋಗಿ ಓದಿ.

ಗೌಡ್ರು, ಹಾಸನ: ಮಂಜುನಾಥ್, ನನ್ನ ಗೋಡೆ ಫೋಟೋ ಹಾಕ್ತೀನಿ. ಅದು ಕ್ರಷರ್ ಪುಡಿ ಅಂತ ತೋರಿಸಿ ನೋಡೋಣ.